ಅಜ್ಜಿ ಈ ಕಡೆ ತಿರುಗಲೇ ಇಲ್ಲ

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ :-) ಆದ್ರೆ ಮೊನ್ನೆ ನಮ್ಮ ಬಳಗದ ಬ್ಲಾಗಿಗರೊಬ್ಬರು "ಹಳೇ ಮೈಸೂರಿಗೆ ಎಐ ಮರುಜೀವ, 4ಕೆ ಗುಣಮಟ್ಟದಲ್ಲಿ" ಅಂತ ಒಂದು ವಿಡಿಯೋ ಹಾಕಿದ್ರು. ಕೆಳಗೆ "ಅದ್ಭುತ", "ಕಣ್ಣು ತುಂಬಿ ಬಂತು" ಅಂತ ಕಾಮೆಂಟುಗಳ ಸುರಿಮಳೆ. ನಾನೂ ಮೊದಲ ಸಲ ನೋಡಿದಾಗ ಹಾಗೇ ಬರೆಯೋಕೆ ಹೊರಟಿದ್ದೆ. ಎರಡನೇ ಸಲ ನೋಡಿದಾಗ ಅಂಗಡಿ ಬೋರ್ಡುಗಳ ಮೇಲೆ ಕಣ್ಣು ಬಿತ್ತು. ದೂರದಿಂದ ಕನ್ನಡ. ಹತ್ರ ಹೋದ್ರೆ ಅದು ಯಾವ ಭಾಷೆನೂ ಅಲ್ಲ. ಜಿಲೇಬಿ ಥರ ಸುತ್ತಿಕೊಂಡಿರೋ ಏನೋ ಒಂದು.

ಅವರ ಮೇಲೆ ನನಗೆ ಕೋಪ ಇಲ್ಲ. ಯಾಕಂದ್ರೆ ಅದೇ ತಪ್ಪನ್ನ ನಾನು ಅವರಿಗಿಂತ ಮೊದಲೇ, ದುಡ್ಡು ಕೊಟ್ಟು, ಕೋಡ್ ಬರೆದು ಮಾಡಿದೀನಿ. ಅದನ್ನ ಹೇಳಿಬಿಡ್ತೀನಿ, ಆಮೇಲೆ ಜಗಳ.

ನಮ್ಮ ಮನೇಲಿ ಒಂದು ವಿಎಚ್‌ಎಸ್ ಕ್ಯಾಸೆಟ್ ಇದೆ. 1996ರ ದಸರಾ. ಚಿಕ್ಕಪ್ಪ ತಮ್ಮ ಸ್ನೇಹಿತರ ಹತ್ರ ಕ್ಯಾಮೆರಾ ಕಡ ತಂದು, ಸಯ್ಯಾಜಿರಾವ್ ರಸ್ತೆಯ ಒಂದು ಕಟ್ಟಡದ ಮೊದಲ ಮಹಡಿಯಿಂದ ಜಂಬೂ ಸವಾರಿ ತೆಗೆದಿದ್ರು. ಅಂಬಾರಿ ಹೊತ್ತವನು ದ್ರೋಣ. (1998ರಲ್ಲಿ ಕರೆಂಟ್ ತಂತಿ ತಗುಲಿ ಸತ್ತ ಅದೇ ದ್ರೋಣ. ನಮ್ಮ ವಯಸ್ಸಿನ ಮೈಸೂರಿಗರಿಗೆ ಅಂಬಾರಿ ಆನೆ ಅಂದ್ರೆ ಮೊದಲು ನೆನಪಾಗೋದು ಅವನೇ. ಬಲರಾಮ, ಅರ್ಜುನ, ಅಭಿಮನ್ಯು ಎಲ್ಲ ಆಮೇಲೆ.) ಟೇಪಿನ ಬಹುಪಾಲು ಜನರ ತಲೆಗಳೇ. ಆದ್ರೆ ಒಂದು ಕಡೆ ಕ್ಯಾಮೆರಾ ಪಕ್ಕಕ್ಕೆ ತಿರುಗಿ, ಕಟಕಟೆ ಹಿಡ್ಕೊಂಡು ನಿಂತ ನಮ್ಮಜ್ಜಿ ಕಾಣಿಸ್ತಾರೆ. ಹನ್ನೊಂದು ಸೆಕೆಂಡು. ನಮ್ಮಜ್ಜಿ ಓಡಾಡೋ ಚಿತ್ರ ಅಂತ ಈ ಪ್ರಪಂಚದಲ್ಲಿ ಇರೋದು ಇದೊಂದೇ.

ಆ ಹನ್ನೊಂದು ಸೆಕೆಂಡಲ್ಲಿ ಏನಿದೆ ಅಂದ್ರೆ: ಅಪ್ಪ ಕ್ಯಾಮೆರಾ ಹಿಂದಿನಿಂದ "ಅಮ್ಮಾ, ಈ ಕಡೆ ನೋಡು" ಅಂತ ಮೂರು ಸಲ ಕೂಗ್ತಾರೆ. ಅಜ್ಜಿ ತಿರುಗಲ್ಲ. ಅಂಬಾರಿ ಬರ್ತಿದೆ, ತಾಯಿ ಚಾಮುಂಡಿ ಬರ್ತಿದ್ದಾಳೆ, ಮಗನ ಕಡೆ ನೋಡೋಕೆ ಅವರಿಗೆ ಪುರುಸೊತ್ತಿಲ್ಲ. ಕೈ ಮುಗೀತಾರೆ. ಎರಡೂ ಮೂಗುಬೊಟ್ಟು ಬಿಸಿಲಿಗೆ ಒಂದು ಸಲ ಮಿಂಚುತ್ತೆ. ಅಷ್ಟೇ. ಅಜ್ಜಿಯೂ ಇಲ್ಲ ಈಗ, ಅಪ್ಪನೂ ಇಲ್ಲ.

ಟೇಪಿಗೆ ವಯಸ್ಸಾಗಿದೆ. ಕೆಳಗಡೆ ಒಂದು ಬಿಳಿ ಪಟ್ಟಿ ಕುಣಿಯುತ್ತೆ, ಬಣ್ಣ ಎಲ್ಲ ಕೆಂಪಿಗೆ ತಿರುಗಿದೆ. ಮೂಲೆಯಲ್ಲಿ ತಾರೀಖು ಬೇರೆ, ಅದೂ 1-1-1990 ಅಂತ. ಚಿಕ್ಕಪ್ಪಂಗೆ ಕ್ಯಾಮೆರಾದ ಗಡಿಯಾರ ಸರಿ ಮಾಡೋಕೆ ಬಂದಿರಲಿಲ್ಲ. ಇದನ್ನೆಲ್ಲ ಒರೆಸಿ ಅಜ್ಜಿಯ ತಿಥಿ ದಿನ ಮನೆಯವರಿಗೆಲ್ಲ ತೋರಿಸೋಣ ಅಂತ ನನ್ನ ಆಸೆ.

ಮಾತಲ್ಲಿ ಹೇಳಿದ್ರೆ ಸಾಕು, ವಿಡಿಯೋ ತಿದ್ದಿ ಕೊಡೋ ಮಾಡೆಲ್ಲುಗಳು 2025ರ ಮಧ್ಯದಿಂದ ಸಾಲುಗಟ್ಟಿ ಬಂದಿವೆ ನೋಡಿ. ಮಳೆ ಬರಿಸು ಅಂದ್ರೆ ಮಳೆ, ಆ ಕಾರು ತೆಗೆ ಅಂದ್ರೆ ಕಾರು ಮಾಯ. ವೆಬ್‌ಸೈಟಿಗೆ ಹೋಗಿ ಬಟನ್ ಒತ್ತಬಹುದು, ಇಲ್ಲಾ ಎಪಿಐ ಮೂಲಕ ನಮ್ಮದೇ ಪ್ರೋಗ್ರಾಂನಿಂದ ಕರೆಯಬಹುದು. ನಾನು ಹೊಟ್ಟೆಪಾಡಿಗೆ ಕೋಡ್ ಬರೆಯೋನು, ಎರಡನೇದೇ ಸುಲಭ ಅನ್ನಿಸ್ತು. ನಾನು ಬಳಸಿದ್ದು ಯಾವ ಕಂಪನಿದು ಅಂತ ಹೇಳಲ್ಲ. ನನ್ನ ತಕರಾರು ಒಂದು ಕಂಪನಿ ಮೇಲೆ ಅಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ, ಕೆಲಸ ಇಷ್ಟೇ. ಹತ್ತು ಡಾಲರ್ ತುಂಬಿದ್ರೆ ಒಂದು ಕೀ ಕೊಡ್ತಾರೆ. ಪೈಥಾನಿನಲ್ಲಿ ಇಪ್ಪತ್ತು ಸಾಲು: ಕೀ, ವಿಡಿಯೋದ ಲಿಂಕು, ಒಂದು ಸಾಲಿನ ಆದೇಶ, ಮೂರನ್ನೂ ಕಟ್ಟಿ ಅವರ ಸರ್ವರಿಗೆ ಕಳಿಸಬೇಕು. ತಕ್ಷಣ ವಿಡಿಯೋ ಬರಲ್ಲ, ಒಂದು ಟೋಕನ್ ನಂಬರ್ ಬರುತ್ತೆ. ಬ್ಯಾಂಕಲ್ಲಿ ಟೋಕನ್ ಹಿಡ್ಕೊಂಡು ಕೂತ ಹಾಗೆ ಪ್ರತಿ ಐದು ಸೆಕೆಂಡಿಗೊಮ್ಮೆ "ಆಯ್ತಾ, ಆಯ್ತಾ" ಅಂತ ನಮ್ಮ ಪ್ರೋಗ್ರಾಂ ಕೇಳ್ತಾ ಇರಬೇಕು. ಕೊನೆಗೆ ಆಯ್ತು ಅಂತ ಒಂದು ಲಿಂಕ್ ಕೊಡುತ್ತೆ. ಒಂದು ದಿನದೊಳಗೆ ಇಳಿಸಿಕೊಳ್ಳದೇ ಇದ್ರೆ ಆ ಲಿಂಕೂ ಸತ್ತುಹೋಗುತ್ತೆ. ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ತಗೊಳ್ಳಲ್ಲ, ಹಾಗಾಗಿ ಅಜ್ಜಿಯನ್ನ ನಾಲ್ಕು, ನಾಲ್ಕು, ಮೂರು ಸೆಕೆಂಡಿನ ತುಂಡು ಮಾಡಿದೆ. ಸೆಕೆಂಡಿಗೆ 15 ಸೆಂಟು. ಹನ್ನೊಂದು ಸೆಕೆಂಡಿಗೆ 1 ಡಾಲರ್ 65 ಸೆಂಟು, ಅಂದ್ರೆ ಸುಮಾರು ನೂರೈವತ್ತು ರೂಪಾಯಿ. ಆರು ಸಲ ಮಾಡೋಷ್ಟರಲ್ಲಿ ಹತ್ತು ಡಾಲರೂ ಮುಗೀತು. ಕೆಟ್ಟದಾಗಿ ಬಂದ್ರೂ ದುಡ್ಡು ದುಡ್ಡೇ, ವಾಪಸ್ ಇಲ್ಲ.

ನಾನು ಬರೆದ ಆದೇಶ: ಬಿಳಿ ಪಟ್ಟಿ ತೆಗೆ, ತಾರೀಖು ತೆಗೆ, ಬಣ್ಣ ಸರಿ ಮಾಡು, ಬೇರೆ ಏನೂ ಬದಲಾಯಿಸಬೇಡ. ಕೊನೇ ಮಾತನ್ನ ಎರಡು ಸಲ ಬರೆದಿದ್ದೆ.

ಬಂತು. ಪಟ್ಟಿ ಹೋಗಿತ್ತು, ತಾರೀಖು ಹೋಗಿತ್ತು, ಆಕಾಶ ನೀಲಿಯಾಗಿತ್ತು. ಅಜ್ಜಿಯ ಬಾಯಲ್ಲಿ ಇಲ್ಲದ ನಾಲ್ಕು ಹಲ್ಲು ಬಂದಿದ್ದವು. (ಪುಕ್ಕಟೆ ಹಲ್ಲು ಸೆಟ್ಟು :-)) ಪೊರೆ ಬಂದಿದ್ದ ಎಡಗಣ್ಣು ಫಳಫಳ ಹೊಳೀತಿತ್ತು. ಬಲಗಡೆಯ ಮೂಗುಬೊಟ್ಟು ಮಾಯ, ಎಡಗಡೆದು ಒಂದೇ. ಎರಡನೇ ತುಂಡಿನ ಅಜ್ಜಿಯ ಸೀರೆ ಅಂಚು ಬೇರೆ, ಮೂರನೇ ತುಂಡಿನ ಅಜ್ಜಿಗೆ ಹತ್ತು ವರ್ಷ ಕಮ್ಮಿ ವಯಸ್ಸು. ಒಟ್ಟು ಮೂರು ಜನ ಅಜ್ಜಿಯರು, ಒಬ್ಬರನ್ನೂ ನನಗೆ ಗೊತ್ತಿಲ್ಲ. ಬೇರೆ ಒಂದು ತುಂಡಲ್ಲಿ ಅಂಬಾರಿ ಬರೋ ದೃಶ್ಯ ಹಾಕಿ ನೋಡಿದೆ. ಅಂಬಾರಿ ಒಳಗೆ ಚಾಮುಂಡೇಶ್ವರಿ ವಿಗ್ರಹದ ಜಾಗದಲ್ಲಿ ಪೇಟ ಕಟ್ಟಿದ ಒಬ್ಬ ಮೀಸೆ ಮಹಾರಾಜ ಕೂತಿದ್ದ! ಪೇಟವೂ ಮೈಸೂರು ಪೇಟ ಅಲ್ಲ, ರಾಜಸ್ಥಾನದ ಕಡೆಯದು. ಜಯಚಾಮರಾಜ ಒಡೆಯರ ನಂತರ ಅಂಬಾರಿಯಲ್ಲಿ ದೇವಿ ಮಾತ್ರ ಹೋಗೋದು ಅಂತ ಮೈಸೂರಿನ ಮಕ್ಕಳಿಗೂ ಗೊತ್ತು. ಆನೆ ಮೇಲೆ ಚಿನ್ನದ ಮಂಟಪ ಇದ್ರೆ ಒಳಗೆ ರಾಜ ಇರಲೇಬೇಕು ಅಂತ ಮಾಡೆಲ್ಲಿನ ಲೆಕ್ಕ.

ಆದ್ರೆ ನನಗೆ ನಿದ್ದೆ ಕೆಡಿಸಿದ್ದು ಆರನೇ ಸಲ ಬಂದದ್ದು. ಅದರಲ್ಲಿ ಎಲ್ಲ ಚೆನ್ನಾಗಿತ್ತು. ಮೂಗುಬೊಟ್ಟು ಎರಡೂ ಇತ್ತು. ಅಜ್ಜಿ ಕೈ ಮುಗಿದು, ಮೆಲ್ಲಗೆ ಮುಖ ತಿರುಗಿಸಿ, ಕ್ಯಾಮೆರಾ ನೋಡಿ ನಕ್ಕರು.

ಟೇಪಲ್ಲಿ ಅಪ್ಪ ಮೂರು ಸಲ ಕರೆದ್ರೂ ತಿರುಗದ ಅಜ್ಜಿ!

ಇದನ್ನ ನೋಡಿ ತಲೆ ಕೆಟ್ಟು ಚಿಕ್ಕಪ್ಪನ ಮಗಂಗೆ ಕಳಿಸಿದೆ, "ನೋಡೋ ಎಂಥ ಅನಾಹುತ" ಅಂತ. ಅವನು ನನ್ನ ಮಾತು ಓದಲಿಲ್ಲ, ವಿಡಿಯೋ ಮಾತ್ರ ನೋಡಿದ. ಹತ್ತು ನಿಮಿಷದಲ್ಲಿ ಅದು ಫ್ಯಾಮಿಲಿ ಗ್ರೂಪಲ್ಲಿ. ಅತ್ತೆ ಫೋನ್ ಮಾಡಿ ಅತ್ತರು, "ಅಮ್ಮ ನನ್ನೇ ನೋಡ್ದಂಗಾಯ್ತು ಕಣೋ" ಅಂತ. ಎಂಬತ್ತು ದಾಟಿದ ಅತ್ತೆಗೆ ನಾನು ಏನು ಹೇಳಲಿ? ಅದು ಅಮ್ಮ ಅಲ್ಲ ಅತ್ತೆ, ಒಂದು ಲೆಕ್ಕಾಚಾರ ಅಂತಲಾ? ಹೇಳೋಕೆ ಬಾಯಿ ಬರಲಿಲ್ಲ. "ಹೂಂ ಅತ್ತೆ" ಅಂದೆ. ಆಮೇಲೆ ಅಸಲಿ ಹನ್ನೊಂದು ಸೆಕೆಂಡನ್ನೂ ಗ್ರೂಪಿಗೆ ಹಾಕಿದೆ, ಪಟ್ಟಿ ಕುಣಿಯೋದು, ಕೆಂಪು ಬಣ್ಣ, 1990ರ ತಾರೀಖು ಸಮೇತ. ತಮ್ಮನ ಮಗಳು ಕೇಳಿದ್ದು: "ದೊಡ್ಡಪ್ಪ, ಇದ್ಯಾರು?"

ಈಗ ಜಗಳಕ್ಕೆ ಬರ್ತೀನಿ.

ಈ ಕಂಪನಿಗಳು ಇದಕ್ಕೆ "ಎಡಿಟಿಂಗ್" ಅಂತ ಹೆಸರಿಟ್ಟಿವೆಯಲ್ಲ, ನನ್ನ ಪ್ರಕಾರ ಆ ಹೆಸರೇ ಮೊದಲ ಸುಳ್ಳು. ಎಡಿಟ್ ಅಂದ್ರೆ ಇದ್ದದ್ದರಲ್ಲಿ ಕತ್ತರಿಸೋದು, ಜೋಡಿಸೋದು, ಬಣ್ಣ ಏರಿಳಿಸೋದು. ಮುಟ್ಟದೇ ಇದ್ದ ಜಾಗ ಮುಟ್ಟದೇ ಇರಬೇಕು. ಈ ಮಾಡೆಲ್ಲುಗಳು ಹಾಗೆ ಕೆಲಸ ಮಾಡಲ್ಲ. ನೀವು ಕಳಿಸಿದ ವಿಡಿಯೋವನ್ನ ಮೊದಲು ಕುಗ್ಗಿಸಿ ಅಂಕಿಗಳ ಗಂಟು ಮಾಡ್ಕೊಳ್ಳುತ್ತೆ. ಅದನ್ನ ಪಕ್ಕದಲ್ಲಿ ಮಾದರಿ ಥರ ಇಟ್ಕೊಂಡು, ಟೀವಿಯಲ್ಲಿ ಚಾನೆಲ್ ಹೋದಾಗ ಬರೋ ಗುಜುಗುಜು ಥರದ ಒಂದು ಗೊಂದಲದಿಂದ ಶುರು ಮಾಡಿ, ಹಂತ ಹಂತವಾಗಿ ಆ ಗೊಂದಲ ಕಮ್ಮಿ ಮಾಡ್ತಾ ಪೂರ್ತಿ ಹೊಸ ವಿಡಿಯೋ ಬರೆಯುತ್ತೆ. ಮೂಲೆಯ ತಾರೀಖು ಮಾತ್ರ ತೆಗೆ ಅಂದ್ರೂ ಅಷ್ಟೇ, ಅಜ್ಜಿ, ಕಟಕಟೆ, ಆಕಾಶ, ಒಂದೊಂದು ಚುಕ್ಕಿಯೂ ಹೊಸದಾಗಿ ಹುಟ್ಟುತ್ತೆ. ಹಳೇದರ ಹಾಗೆ ಕಂಡ್ರೆ ಅದು ಚೆನ್ನಾಗಿ ನಕಲು ಮಾಡಿದೆ ಅಂತ, ಉಳಿಸಿದೆ ಅಂತಲ್ಲ. ಕೆಲವರ ಎಪಿಐನಲ್ಲಿ ಎಷ್ಟು ಬದಲಾಯಿಸಬೇಕು ಅನ್ನೋಕೆ ಒಂದು ತಿರುಗುಣಿ ಕೊಟ್ಟಿರ್ತಾರೆ. ಕಮ್ಮಿ ಇಟ್ರೆ ಅಜ್ಜಿ ಉಳೀತಾರೆ, ಪಟ್ಟಿಯೂ ಉಳಿಯುತ್ತೆ. ಜಾಸ್ತಿ ಇಟ್ರೆ ಪಟ್ಟಿ ಹೋಗುತ್ತೆ, ಅಜ್ಜಿಯೂ ಹೋಗ್ತಾರೆ. ಅದಕ್ಕೆ ಇಬ್ಬರೂ ಒಂದೇ.

ಮೈಸೂರಿನವರಿಗೆ ಇದನ್ನ ಅರ್ಥ ಮಾಡಿಸೋಕೆ ನಾನು ಕಷ್ಟ ಪಡಬೇಕಾಗಿಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅಲ್ಲಿಂದ ವರ್ಷಗಟ್ಟಲೆ ಒಂದೇ ಜಗಳ: ಇದ್ದದ್ದನ್ನ ದುರಸ್ತಿ ಮಾಡೋದಾ, ಇಲ್ಲಾ ಪೂರ್ತಿ ಕೆಡವಿ "ಅದೇ ಪಾರಂಪರಿಕ ಶೈಲಿಯಲ್ಲಿ" ಹೊಸದು ಕಟ್ಟೋದಾ. ನೀವು ಯಾವ ಪಕ್ಷವಾದ್ರೂ ಇರಿ, ಎರಡೂ ಬೇರೆ ಬೇರೆ ಕೆಲಸ ಅನ್ನೋದನ್ನ ಯಾರೂ ಅಲ್ಲಗಳೆಯಲಿಲ್ಲ. ಕೆಡವಿ ಕಟ್ಟೋಣ ಅಂದವರೂ ಅದನ್ನ ಕೆಡವೋದು ಅಂತಲೇ ಕರೆದ್ರು. ಸುಣ್ಣ ಗಾರೆಯ ಗೋಡೆ ವಿಷಯದಲ್ಲಿ ನಮಗೆ ಇರೋ ಈ ಬುದ್ಧಿ ಅಜ್ಜಿಯ ಮುಖದ ವಿಷಯಕ್ಕೆ ಬಂದಾಗ ಎಲ್ಲಿ ಹೋಗುತ್ತೆ? ಕೆಡವಿ ಕಟ್ಟಿದ್ದನ್ನ "ಮರುಜೀವ" ಅಂತ ಹಾಕ್ತೀವಲ್ಲ!

ಇನ್ನು ಈ "4ಕೆ" ಮೋಹ. ಒಂದು ಸಣ್ಣ ಲೆಕ್ಕ ಮಾಡಿ. ನಮ್ಮ ದೇಶದ ಹಳೇ ಟೇಪನ್ನ ಕಂಪ್ಯೂಟರಿಗೆ ಇಳಿಸಿದ್ರೆ ಒಂದು ಫ್ರೇಮಿನಲ್ಲಿ 720 x 576, ಅಂದ್ರೆ 4,14,720 ಚುಕ್ಕಿ. 4ಕೆ ಅಂದ್ರೆ 3840 x 2160, ಅಂದ್ರೆ 82,94,400 ಚುಕ್ಕಿ. ಭಾಗಿಸಿ ನೋಡಿ, ಸರಿಯಾಗಿ ಇಪ್ಪತ್ತು ಪಟ್ಟು. ಇಪ್ಪತ್ತು ಚುಕ್ಕಿಯಲ್ಲಿ ಹತ್ತೊಂಬತ್ತು ಎಲ್ಲಿಂದ ಬಂತು ಸ್ವಾಮಿ? ಟೇಪಲ್ಲಿ ಇರಲಿಲ್ಲ. ವಿಎಚ್‌ಎಸ್‌ನಲ್ಲಿ ಆ ಒಂದು ಚುಕ್ಕಿಯಷ್ಟೂ ವಿವರ ಇರಲ್ಲ, ಅದು ಬೇರೆ ಮಾತು. ಸೆಕೆಂಡಿಗೆ 25 ಚಿತ್ರ ಇದ್ದದ್ದನ್ನ 60 ಮಾಡಿದ್ರೆ ಇನ್ನೂ ಒಂದು ಸುತ್ತು ಕಲ್ಪನೆ. ನಮ್ಮಜ್ಜಿಯ ಮುಖ ಆ ಫ್ರೇಮಿನಲ್ಲಿ ಎಂಬತ್ತು ಚುಕ್ಕಿ ಅಗಲ ಇದ್ರೆ ಹೆಚ್ಚು. ಅದರಿಂದ ಕಣ್ಣಿನ ರೆಪ್ಪೆ ಎಣಿಸೋ ಹಾಗೆ ಮಾಡ್ತೀನಿ ಅನ್ನೋನು ಆ ರೆಪ್ಪೆಯನ್ನ ಬೇರೆ ಯಾರದೋ ಮುಖದಿಂದ ತಂದಿರಬೇಕು. ಲಕ್ಷಾಂತರ ಬೇರೆ ಮುಖಗಳ ಸರಾಸರಿಯಿಂದ.

ಇದಕ್ಕೆ ನಮ್ಮವರು ಕೊಡೋ ಉತ್ತರಗಳೂ ನನಗೆ ಗೊತ್ತು. "ಕಸ್ತೂರಿ ನಿವಾಸಕ್ಕೆ ಬಣ್ಣ ಹಾಕಿದಾಗ ನೀನೇ ಥಿಯೇಟರಿಗೆ ಹೋಗಿದ್ದೆಯಲ್ಲ?" ಹೋಗಿದ್ದೆ, 2014ರಲ್ಲಿ. ಅದಕ್ಕೂ ಮೊದಲು 2008ರಲ್ಲಿ ಸತ್ಯ ಹರಿಶ್ಚಂದ್ರಕ್ಕೂ ಹೋಗಿದ್ದೆ. ಬಣ್ಣ ಇಷ್ಟ ಆಯ್ತಾ ಅನ್ನೋದು ಬೇರೆ ವಿಷಯ (ನನಗೆ ಕಪ್ಪು ಬಿಳುಪೇ ಚೆಂದ). ಆದ್ರೆ ಆ ಬಣ್ಣದ ಕೆಳಗೆ ಇದ್ದದ್ದು ರಾಜ್‌ಕುಮಾರ್ ಅವರದ್ದೇ ಮುಖ. ಅವರು ಎಡಕ್ಕೆ ನೋಡಿದ್ರೆ ಬಣ್ಣದಲ್ಲೂ ಎಡಕ್ಕೇ ನೋಡಿದ್ರು. 2016ರ ನಾಗರಹಾವಿನಲ್ಲಿ ನಮ್ಮ ಊರಿನ ವಿಷ್ಣುವರ್ಧನ್ ಅವರನ್ನ ಗ್ರಾಫಿಕ್ಸಿನಲ್ಲಿ ಮತ್ತೆ ತಂದ್ರಲ್ಲ, ಅಲ್ಲಿ ಕೂಡ ಇದು ಗ್ರಾಫಿಕ್ಸು ಅಂತ ಡಂಗುರ ಹೊಡೆದೇ ತಂದಿದ್ದು. ಯಾರೂ ಮೋಸ ಹೋಗಲಿಲ್ಲ. 2025ರಲ್ಲಿ "ಲವ್ ಯೂ" ಅಂತ ಪೂರ್ತಿ ಎಐನಲ್ಲೇ ಮಾಡಿದ ಕನ್ನಡ ಸಿನಿಮಾ ಬಂತು, ನಟರಿಲ್ಲ, ಕ್ಯಾಮೆರಾ ಇಲ್ಲ. ಮಾಡಲಿ ಬಿಡಿ. ಇಲ್ಲದ್ದನ್ನ ಇಲ್ಲದ್ದು ಅಂತ ಹೇಳಿ ಹುಟ್ಟಿಸೋದಕ್ಕೆ ನನ್ನ ತಕರಾರಿಲ್ಲ. ಅದೇ 2025ರ ಆಗಸ್ಟಿನಲ್ಲಿ ಹಿಂದಿಯ ರಾಂಝಣಾದ ತಮಿಳು ರೂಪಕ್ಕೆ ಎಐನಿಂದ ಹೊಸ ಕ್ಲೈಮ್ಯಾಕ್ಸ್ ಅಂಟಿಸಿ, ಸತ್ತ ನಾಯಕನನ್ನ ಬದುಕಿಸಿ ಬಿಡುಗಡೆ ಮಾಡಿದ್ರು. ನಿರ್ದೇಶಕ ಆನಂದ್ ಎಲ್. ರೈ, ನಟ ಧನುಷ್ ಇಬ್ಬರೂ ಬಹಿರಂಗವಾಗಿ ವಿರೋಧಿಸಿದ್ರು. ಅವರಿಗೆ ವಿರೋಧಿಸೋಕೆ ಹೆಸರಿತ್ತು, ಪತ್ರಕರ್ತರು ಮೈಕ್ ಹಿಡಿದ್ರು. ನಮ್ಮಜ್ಜಿ ಪರವಾಗಿ "ನಾನು ತಿರುಗಿರಲಿಲ್ಲ ಕಣ್ರಪ್ಪಾ" ಅಂತ ಹೇಳೋರು ಯಾರು?

ಇನ್ನೊಂದು ವಾದ, ಫೋಟೋ ಸ್ಟುಡಿಯೋದವರು ಟಚಪ್ ಮಾಡ್ತಿರಲಿಲ್ವಾ ಅಂತ. ಮಾಡ್ತಿದ್ರು. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ ಮುಚ್ಚೋರು, ಕಪ್ಪು ಬಿಳುಪು ಫೋಟೋಗೆ ಕೈಯಲ್ಲೇ ಬಣ್ಣ ಹಚ್ಚೋರು. ಆದ್ರೆ ಅವರು ಕೇಳೋರು, "ಈ ಮಚ್ಚೆ ಇರ್ಲಾ ತಾಯಿ?" ಅಂತ. ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ 26 ಚಿತ್ರಗಳಿವೆ, ನೋಡದೇ ಇರೋರು ಯಾರೂ ಇಲ್ಲ. ಅವೂ ಫೋಟೋ ನೋಡಿಕೊಂಡು ಬರೆದವೇ, ಅಂದ್ರೆ ಅಲ್ಲೂ ನಡೆದಿದ್ದು ಪೂರ್ತಿ ಮರುಚಿತ್ರಣವೇ. ಆದ್ರೆ ಆ ಕಲಾವಿದರು ಪೇಟ ತಪ್ಪು ಬರೆದಿದ್ರೆ ಅದನ್ನ ತೋರಿಸಿ ಬಯ್ಯೋಕೆ ಅದೇ ಊರಲ್ಲಿ ಆ ಪೇಟ ಕಟ್ಟಿದೋರೇ ಓಡಾಡ್ತಿದ್ರು. ನನ್ನ ಟೋಕನ್ ನಂಬರಿನ ಆ ಕಡೆ ಯಾರಿದ್ದಾರೆ?

ಕಾನೂನು ಕೂಡ ಈ ಗೆರೆಯನ್ನ ಎಳೆದಿದೆ, ಗಮನಿಸಿದ್ರಾ? 2026ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಐಟಿ ನಿಯಮಗಳಿಗೆ ತಿದ್ದುಪಡಿ ತಂದು, ಎಐನಿಂದ ಹುಟ್ಟಿಸಿದ ನಿಜದಂಥ ದೃಶ್ಯಗಳಿಗೆ ಲೇಬಲ್ ಹಾಕಬೇಕು ಅಂದಿತು. ಬಣ್ಣ ಹೊಂದಿಸೋದು, ನಾಯ್ಸ್ ತೆಗೆಯೋದು, ಇಂಥ ಮಾಮೂಲಿ ತಿದ್ದುಪಡಿಗಳು ಮೂಲದ ಅರ್ಥ ಕೆಡಿಸದೇ ಇದ್ರೆ ಆ ಲೆಕ್ಕಕ್ಕೆ ಬರಲ್ಲ. ಸರಿಯಾದ ಮಾತೇ. ಆದ್ರೆ ನಾನು ಕೇಳಿದ್ದು ನಾಯ್ಸ್ ತೆಗೆಯೋದನ್ನ, ಬಂದದ್ದು ಬೇರೆ ಅಜ್ಜಿ. ಬಿಲ್ಲಿನಲ್ಲಿ ಎರಡಕ್ಕೂ ಒಂದೇ ಹೆಸರು. ಕೇಳಿದವನ ಮನಸ್ಸಲ್ಲಿ ಏನಿತ್ತು ಅನ್ನೋದರ ಮೇಲೆ ಲೇಬಲ್ ನಿರ್ಧಾರ ಮಾಡಿದ್ರೆ ಅಲ್ಲಿಗೆ ಕಥೆ ಮುಗೀತು. ನಮ್ಮ ಬಳಗದವರು ಯಾರೂ ಕೆಟ್ಟ ಉದ್ದೇಶದಿಂದ ಹಾಕ್ತಿಲ್ಲ ನೋಡಿ, ಎಲ್ಲ ಪ್ರೀತಿಯಿಂದಲೇ ಹಾಕ್ತಿರೋದು. ನಾನೂ ಪ್ರೀತಿಯಿಂದಲೇ ಹತ್ತು ಡಾಲರ್ ತುಂಬಿದ್ದು.

ನನ್ನ ಹಟ ಇಷ್ಟೇ. ಮನೆಯ ಟೇಪು, ಊರಿನ ಹಳೇ ಫಿಲ್ಮು, ಸಾಕ್ಷಿ ಅಂತ ಇಟ್ಕೊಳ್ಳೋ ಯಾವುದನ್ನೂ ಈ ಮಾಡೆಲ್ಲುಗಳಿಗೆ ತಿನ್ನಿಸಬೇಡಿ. ತಿನ್ನಿಸಲೇಬೇಕು ಅನ್ನಿಸಿದ್ರೆ, ಅಸಲಿಯನ್ನ ಮೊದಲು ಹಾಕಿ, ಅದರ ಕೆಳಗೆ ಇದನ್ನ ಹಾಕಿ, ಮಾಡೆಲ್ಲಿಗೆ ಕೊಟ್ಟ ಆದೇಶವನ್ನೂ ಜೊತೆಗೆ ಬರೀರಿ. "ಮರುಜೀವ", "ಪುನರುಜ್ಜೀವನ" ಅನ್ನೋ ಪದ ಬಿಡಿ, "ಎಐ ಬರೆದ ಚಿತ್ರ" ಅನ್ನಿ. ಲೈಕು ಕಮ್ಮಿ ಬರುತ್ತೆ, ಬರಲಿ. ಮತ್ತೆ ಜಾತ್ರೆ, ಮೆರವಣಿಗೆ ವಿಡಿಯೋ ಕಳಿಸೋವಾಗ ಅದರಲ್ಲಿರೋ ನೂರು ಜನರ ಮುಖವನ್ನೂ ಯಾವುದೋ ದೇಶದ ಸರ್ವರಿಗೆ ಕಳಿಸ್ತಿದೀವಿ, ಅವರನ್ನ ನಾವು ಕೇಳಿಲ್ಲ, ಅದೂ ತಲೇಲಿರಲಿ.

ನಿಜವಾದ ದುರಸ್ತಿಗೆ ದಾರಿ ಇಲ್ಲ ಅಂತಲ್ಲ. ಅದು ಬೇಜಾರಿನ ಕೆಲಸ, ಅಷ್ಟೇ. ಒಳ್ಳೇ ವಿಸಿಆರ್ ಹುಡುಕಬೇಕು, ಹೆಡ್ ಒರೆಸಬೇಕು, ಟೇಪಿಗೆ ಬೂಷ್ಟು ಹಿಡಿದಿದ್ರೆ ಮೊದಲು ಅದನ್ನ ಬಿಡಿಸಬೇಕು. ಚಿತ್ರ ಅಲ್ಲಾಡದ ಹಾಗೆ ಸಿಗ್ನಲ್ಲನ್ನ ಹದ ಮಾಡೋ ಟೈಮ್ ಬೇಸ್ ಕರೆಕ್ಟರ್ ಅನ್ನೋ ಪೆಟ್ಟಿಗೆ ಬೇಕು. ಆಮೇಲೆ ಎಫ್‌ಎಫ್‌ಎಂಪೆಗ್‌ನಂಥ ಪುಕ್ಕಟೆ ತಂತ್ರಾಂಶದಲ್ಲಿ ಬಣ್ಣ ಹೊಂದಿಸಬಹುದು. ಅದು ಲೆಕ್ಕ ಮಾತ್ರ ಮಾಡುತ್ತೆ, ಊಹೆ ಮಾಡಲ್ಲ. ಕೆಳಗಿನ ಬಿಳಿ ಪಟ್ಟಿಯನ್ನ ಕತ್ತರಿಸಿ ಬಿಟ್ರಾಯ್ತು. ನಾನು ಹಾಗೇ ಮಾಡಿದೀನಿ ಈಗ. ಕೆಂಪು ಸ್ವಲ್ಪ ಇಳಿದಿದೆ. 1-1-1990 ಹಾಗೇ ಇದೆ, ಇರಲಿ, ಚಿಕ್ಕಪ್ಪನ ರುಜು ಅಂದ್ಕೊಳ್ತೀನಿ. ಧ್ವನಿಯೂ ಇದೆ. ಮರೆತೆ ನೋಡಿ, ಮಾಡೆಲ್ಲಿನಿಂದ ಬಂದ ಆರೂ ವಿಡಿಯೋಗಳಲ್ಲಿ ಧ್ವನಿಯೇ ಇರಲಿಲ್ಲ. ಅಪ್ಪ ಕರೆದಿದ್ದೇ ಇಲ್ಲ ಅಲ್ಲಿ, ಅಜ್ಜಿ ಮಾತ್ರ ತಿರುಗಿದ್ದು.

ಫ್ಯಾಮಿಲಿ ಗ್ರೂಪಿನ ಚಿತ್ರವಾಗಿ ಇವತ್ತಿಗೂ ಆ ನಗುವ ಅಜ್ಜಿಯೇ ಇದ್ದಾರೆ. ತೆಗೀರಿ ಅಂತ ಎರಡು ಸಲ ಹೇಳಿದೆ, ಅತ್ತೆಗೆ ಬೇಜಾರಾಗುತ್ತೆ ಅಂತ ಯಾರೂ ತೆಗೀತಿಲ್ಲ.

ಅಂದ ಹಾಗೆ ಮನೇಲಿ ಇನ್ನೂ ಎರಡು ಕ್ಯಾಸೆಟ್ ಇವೆ, ಅತ್ತೆ ಮಗಳ ಮದುವೆದು ಒಂದು, ಏನಿದೆ ಅಂತ ಗೊತ್ತಿಲ್ಲದ್ದು ಒಂದು. ನನ್ನ ವಿಸಿಆರ್ ಕಳೆದ ವಾರ ಟೇಪ್ ನುಂಗೋಕೆ ಶುರು ಮಾಡಿದೆ. ಮೈಸೂರಲ್ಲಿ ಯಾರ ಹತ್ರನಾದ್ರೂ ಸರಿಯಾಗಿ ಓಡೋ ವಿಸಿಆರ್ ಇದ್ರೆ, ಅಥವಾ ರಿಪೇರಿ ಮಾಡೋರು ಗೊತ್ತಿದ್ರೆ ದಯವಿಟ್ಟು ತಿಳಿಸಿ. ನಾನೇ ಬಂದು ಒಯ್ತೀನಿ, ಕಾಫಿ ನಂದು :-)